ಡಿಮೆನ್ಷಿಯಾ ಅಂದಿದ್ದಾರೆ, ಮುಂದೇನು? ಮನೆಯವರ ಕೆಲಸಗಳು, ಮಾಡಬೇಕಾದ ಕ್ರಮದಲ್ಲಿ

"ಡಾಕ್ಟರು ಡಿಮೆನ್ಷಿಯಾ ಅಂದರು, ಮಾತ್ರೆ ಬರೆದರು, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಅಲ್ಲಿಯವರೆಗೆ ನಾವೇನು ಮಾಡಬೇಕು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಾಡಬೇಕಾದ್ದು ಬಹಳ ಇದೆ. ಆದರೆ ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡರೆ ಮನೆಯವರು ಎರಡೇ ವಾರದಲ್ಲಿ ಸುಸ್ತಾಗುತ್ತಾರೆ. ಕೆಲವು ಕೆಲಸಗಳಿಗೆ ಗಡುವು ಇದೆ. ರೋಗಿಗೆ ವಿಷಯ ಅರ್ಥವಾಗಿ ಸಹಿ ಹಾಕುವ ಶಕ್ತಿ ಇರುವಾಗಲೇ ಅವು ಮುಗಿಯಬೇಕು. ಉಳಿದವನ್ನು ನಿಧಾನಕ್ಕೆ ಮಾಡಬಹುದು. ಆದ್ದರಿಂದ ಕ್ರಮವೇ ಇಲ್ಲಿ ಮುಖ್ಯ.

ಶುರು ಮಾಡಲು ಬೇಕಾದದ್ದು ಇಷ್ಟು: ಒಂದು ದಪ್ಪ ನೋಟ್‌ಬುಕ್, ಒಂದು ಫೈಲ್, ಕ್ಯಾಮೆರಾ ಇರುವ ಫೋನ್, ಮತ್ತು ಮುಖ್ಯವಾಗಿ ನೋಡಿಕೊಳ್ಳುವವರ ಜತೆಗೆ ಎಲ್ಲ ವಿಷಯ ಗೊತ್ತಿರುವ ಇನ್ನೊಬ್ಬರು. ಈ ಎರಡನೆಯವರನ್ನು ಗೊತ್ತುಮಾಡದೆ ಮುಂದೆ ಹೋಗಬೇಡಿ.

1. ಕಾಯಿಲೆ ಯಾವುದು ಎಂದು ಖಚಿತಪಡಿಸಿಕೊಳ್ಳಿ

ಡಿಮೆನ್ಷಿಯಾ ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಯೋಚನೆ, ಮಾತು, ದಾರಿ ಗುರುತಿಸುವ ಶಕ್ತಿ ಕುಂದುತ್ತ ಹೋಗಿ ದಿನದ ಕೆಲಸ ಸ್ವಂತವಾಗಿ ಮಾಡಿಕೊಳ್ಳಲಾಗದ ಸ್ಥಿತಿಗೆ ಹಾಗೆನ್ನುತ್ತಾರೆ. ಅತಿ ಸಾಮಾನ್ಯ ಕಾರಣ ಅಲ್ಝೈಮರ್. ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವುದು ವ್ಯಾಸ್ಕುಲರ್. ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣುವುದು, ನಡಿಗೆ ಬಿಗಿಯಾಗುವುದು, ಒಂದು ದಿನ ಚುರುಕು ಮರುದಿನ ಮಂಕು ಇದ್ದರೆ ಲೂಯಿ ಬಾಡಿ ಬಗೆಯನ್ನು ಶಂಕಿಸುತ್ತಾರೆ. ನೆನಪು ಚೆನ್ನಾಗಿದ್ದು ನಡವಳಿಕೆ ಅಥವಾ ಮಾತು ಮೊದಲು ಕೆಟ್ಟರೆ ಅದು ಫ್ರಾಂಟೊಟೆಂಪೊರಲ್ ಇರಬಹುದು. ಇದು ಐವತ್ತರ ವಯಸ್ಸಿನಲ್ಲೇ ಬರುವುದುಂಟು. ಹಾಗಾದಾಗ ಮನೆಯವರು ಅದನ್ನು ಹಟ, ಜಿಪುಣತನ ಅಂದುಕೊಂಡು ವರ್ಷಗಟ್ಟಲೆ ಜಗಳ ಆಡಿರುತ್ತಾರೆ.

ಬಗೆ ಯಾವುದು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಲೂಯಿ ಬಾಡಿ ಇರುವವರಿಗೆ ಗಲಾಟೆ ತಗ್ಗಿಸಲು ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಮೈ ಮರಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿರುವ ವೈದ್ಯರಿಗೆ ಅದು ತಿಳಿಯುವುದು ನಿಮ್ಮ ಚೀಟಿಯಿಂದಲೇ.

"ಅರವತ್ತಕ್ಕೆ ಅರಳುಮರಳು" ಎಂದು ಬಿಟ್ಟುಬಿಡುವುದು ಎಷ್ಟು ತಪ್ಪೋ, ಪರೀಕ್ಷೆ ಮಾಡಿಸದೆ ಡಿಮೆನ್ಷಿಯಾ ಎಂದು ಒಪ್ಪಿಕೊಳ್ಳುವುದೂ ಅಷ್ಟೇ ತಪ್ಪು. ಬಿ12 ಕೊರತೆ, ಥೈರಾಯ್ಡ್ ಕುಗ್ಗುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ವಾರಗಳ ಹಿಂದೆ ಬಿದ್ದಾಗ ತಲೆಯೊಳಗೆ ಮೆಲ್ಲಗೆ ಶುರುವಾದ ರಕ್ತಸ್ರಾವ, ಇವೆಲ್ಲ ಮರೆವು ತರುತ್ತವೆ. ಚಿಕಿತ್ಸೆಯಿಂದ ಸುಧಾರಿಸಬಲ್ಲವೂ ಹೌದು. ರಕ್ತಪರೀಕ್ಷೆಯಲ್ಲಿ ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸೋಡಿಯಂ, ಸಕ್ಕರೆ, ಮೂತ್ರಪಿಂಡ ಮತ್ತು ಪಿತ್ತಜನಕಾಂಗದ ಪರೀಕ್ಷೆ ಇವೆಯೇ ನೋಡಿ. ಒಮ್ಮೆಯಾದರೂ ಎಂಆರ್‌ಐ ಅಥವಾ ಸಿಟಿ ಆಗಿರಬೇಕು.

ವೈದ್ಯರ ಬಳಿ ಹೋಗುವಾಗ ಒಯ್ಯಬೇಕಾದವು:

- ಮನೆಯಲ್ಲಿರುವ ಎಲ್ಲ ಔಷಧ, ಒಂದೇ ಚೀಲದಲ್ಲಿ. ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ಲೇಹ್ಯ, ಚೂರ್ಣ ಎಲ್ಲವೂ. ನೆಗಡಿ-ತುರಿಕೆಗೆ ಕೊಡುವ ಹಳೆಯ ಮಾತ್ರೆಗಳು, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಪಾರ್ಕಿನ್ಸನ್‌ಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಂಕು ಹೆಚ್ಚಿಸುತ್ತವೆ.
- ಒಂದು ಪುಟದ ಬರಹ. ಮೊದಲು ಕಂಡ ಬದಲಾವಣೆ ಏನು, ಯಾವಾಗ, ಮೆಲ್ಲಗೆ ಬಂತೋ ಥಟ್ಟನೆ ಬಂತೋ, ಬಿದ್ದಿದ್ದರೇ, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಾರೆಯೇ. "ತುಂಬಾ ಮರೀತಾರೆ" ಎಂದು ಬರೆದರೆ ಉಪಯೋಗವಿಲ್ಲ. "ಯುಗಾದಿಗೆ ಹೋಳಿಗೆ ಮಾಡಲು ಕೂತವರು ಹೂರಣ ಆದ ಮೇಲೆ ಮುಂದೇನು ಎಂದು ತಿಳಿಯದೆ ಎದ್ದುಹೋದರು" ಎಂದು ಬರೆಯಿರಿ.
- ಕನ್ನಡಕ, ಕಿವಿಯ ಯಂತ್ರ. ಸರಿಯಾಗಿ ಕೇಳಿಸದವರಿಗೆ ನೆನಪಿನ ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ.

ಓದು ಎಷ್ಟರವರೆಗೆ, ಮನೆಮಾತು ಯಾವುದು ಎಂಬುದನ್ನೂ ನೀವಾಗಿಯೇ ಹೇಳಿ. ತುಳು, ಕೊಂಕಣಿ, ಉರ್ದು ಮನೆಮಾತಿನವರನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷಿಸಿದರೆ, ಶಾಲೆಗೇ ಹೋಗದವರಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರೆ, ಇಲ್ಲದ ಕಾಯಿಲೆ ಇದೆ ಎಂದು ತೋರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿರುವ ನೆನಪು-ಯೋಚನೆಗಳ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಅಂಥದ್ದರಲ್ಲಿ ಪರೀಕ್ಷಿಸುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಎಲ್ಲಿಗೆ ಹೋಗುವುದು? ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯಲ್ಲಿ ಜಿಲ್ಲಾಮಟ್ಟದ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಯಾವ ದಿನ ನಡೆಯುತ್ತದೆ ಎಂದು ಮೊದಲು ವಿಚಾರಿಸಿ. ಅಲ್ಲಿ ತೀರ್ಮಾನವಾಗದಿದ್ದರೆ ಅವರೇ ಬರೆದುಕೊಟ್ಟ ಚೀಟಿಯೊಂದಿಗೆ ನಿಮ್ಹಾನ್ಸ್‌ಗೆ ಹೋಗಿ.

2. ಕಾಗದಪತ್ರ: ಇದನ್ನು ಮುಂದೂಡಬೇಡಿ

ಎಲ್ಲರೂ ಕೊನೆಗೆ ಇಟ್ಟುಕೊಳ್ಳುವ ಕೆಲಸವಿದು. ಎರಡನೆಯದಾಗಿಯೇ ಮುಗಿಸಬೇಕು.

"ಪವರ್ ಆಫ್ ಅಟಾರ್ನಿ ಮಾಡಿಸಿಟ್ಟಿದ್ದೇವೆ, ಚಿಂತೆಯಿಲ್ಲ" ಎಂಬ ನಂಬಿಕೆ ಬಲವಾಗಿದೆ. ಅದು ನಿಲ್ಲುವುದಿಲ್ಲ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ಕಳೆದರೆ ಕೊಟ್ಟ ಅಧಿಕಾರವೂ ಮುಗಿಯಿತು. ಅಂದರೆ ನಿಮಗೆ ಆ ಪತ್ರ ನಿಜವಾಗಿ ಬೇಕಾಗುವ ಹೊತ್ತಿಗೆ ಅದು ಕೆಲಸಕ್ಕೆ ಬಾರದು. ಆಮೇಲೆ ಆಸ್ತಿ ಮಾರಿ ಚಿಕಿತ್ಸೆ ಮಾಡಿಸಬೇಕೆಂದರೆ ಪೋಷಕರನ್ನಾಗಿ ನೇಮಿಸುವಂತೆ ಸಾಮಾನ್ಯವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗುತ್ತದೆ.

ಆದ್ದರಿಂದ ಆರಂಭದ ಹಂತದಲ್ಲೇ:

- ಪಿಂಚಣಿ ಖಾತೆಯನ್ನು ಗಂಡ-ಹೆಂಡಿರ ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ. ಎಲ್ಲ ಠೇವಣಿ, ವಿಮೆಗಳ ನಾಮಿನಿ ಹೆಸರು ನೋಡಿ.
- ಉಯಿಲು ಮಾಡುವುದಿದ್ದರೆ ಈಗಲೇ. ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. "ವಿಷಯ ಅರ್ಥ ಮಾಡಿಕೊಂಡು ಬರೆಸಿದ್ದಾರೆ" ಎಂಬ ವೈದ್ಯರ ಪತ್ರಕ್ಕೆ ಅದೇ ದಿನದ ತಾರೀಖು ಇರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರು ಕಡಿಮೆ.
- 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪ್ರತಿನಿಧಿ ಯಾರು ಎಂದು ರೋಗಿಯೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬಹುದು. ಖರ್ಚಿಲ್ಲದ ಕೆಲಸ, ಮಾಡುವವರೇ ಕಡಿಮೆ.
- ಎಟಿಎಂ ಮಿತಿ ಇಳಿಸಿ, ಫೋನಿನ ಯುಪಿಐ ತೆಗೆಸಿ. "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರಿಗೆ ಇಂಥವರೇ ಸುಲಭದ ಬೇಟೆ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರತಿ ನವೆಂಬರ್‌ನಲ್ಲಿ ಪಿಂಚಣಿದಾರರು ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು ಮನೆಯಲ್ಲೇ ಫೋನಿನಲ್ಲಿ ಮುಖ ತೋರಿಸಿ ಮಾಡಬಹುದು. ಬೆಳಗಿನ ಹೊತ್ತು, ಅವರು ಸಮಾಧಾನದಲ್ಲಿರುವಾಗ ಮಾಡಿ.

3. ಔಷಧದಿಂದ ಏನು ಆಗುತ್ತದೆ, ಏನು ಆಗುವುದಿಲ್ಲ

ಅಲ್ಝೈಮರ್‌ಗೆ ಸಾಮಾನ್ಯವಾಗಿ ಕೊಡುವುದು ಡೊನೆಪೆಜಿಲ್. 5 ಮಿಲಿಗ್ರಾಂನಿಂದ ಶುರು ಮಾಡಿ, ನಾಲ್ಕರಿಂದ ಆರು ವಾರದ ಮೇಲೆ 10ಕ್ಕೆ ಏರಿಸುತ್ತಾರೆ. ಕಾಯಿಲೆ ಗುಣವಾಗುವುದಿಲ್ಲ, ಕೆಲವರಲ್ಲಿ ಕೆಲಕಾಲ ಲಕ್ಷಣಗಳು ತಗ್ಗುತ್ತವೆ. ನಾಡಿ ನಿಧಾನವಾಗಬಹುದು, ಹಾಗಾಗಿ ಶುರು ಮಾಡುವ ಮೊದಲು ಇಸಿಜಿ ಆಗಿದೆಯೇ ಕೇಳಿ. ಭೇದಿ, ವಾಕರಿಕೆ ಬಂದರೆ, ತಲೆಸುತ್ತಿ ಬಿದ್ದರೆ ವೈದ್ಯರಿಗೆ ತಿಳಿಸಿ. ರಾತ್ರಿ ಕೊಟ್ಟು ಕೆಟ್ಟ ಕನಸು ಬೀಳುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಎಷ್ಟೋ ಸಲ ಅಷ್ಟರಿಂದಲೇ ಸರಿಹೋಗುತ್ತದೆ.

ಚರ್ಮದ ಮೂಲಕ ಇಳಿಯುವ ಇನ್ನೊಂದು ಔಷಧ ರಿವಾಸ್ಟಿಗ್ಮಿನ್. ಅದರ ಪಟ್ಟಿ (ಪ್ಯಾಚ್) ಅಂಟಿಸುವವರು ಮಾಡುವ ಅಪಾಯದ ತಪ್ಪು ಒಂದಿದೆ: ಹಳೆಯದನ್ನು ಕೀಳದೆ ಹೊಸದನ್ನು ಹಚ್ಚುವುದು. ಬೆನ್ನಿನ ಮೇಲೆ ಎರಡು ಪಟ್ಟಿ ಎಂದರೆ ಎರಡು ಪಟ್ಟು ಔಷಧ. ವಾಂತಿ ಶುರುವಾಗುತ್ತದೆ, ನಾಡಿ ಬೀಳುತ್ತದೆ. ಮೊದಲು ಹಳೆಯದು ತೆಗೆದು ಮಡಿಸಿ ಬಿಸಾಡಿ, ಆಮೇಲೆ ಬೇರೆ ಜಾಗಕ್ಕೆ ಹೊಸದು. ಒಮ್ಮೆ ಅಂಟಿಸಿದ ಜಾಗಕ್ಕೆ 14 ದಿನ ಮತ್ತೆ ಬೇಡ.

ಗಲಾಟೆ ತಗ್ಗಿಸುವ ಆಂಟಿಸೈಕೋಟಿಕ್ ಔಷಧಗಳು ವಯಸ್ಸಾದವರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಬೇಕೇ ಬೇಕಾದಾಗ ಅತಿ ಕಡಿಮೆ ಪ್ರಮಾಣದಲ್ಲಿ, ಕೆಲವು ವಾರ ಮಾತ್ರ. "ಇದನ್ನು ಯಾವಾಗ ನಿಲ್ಲಿಸುವುದು?" ಎಂದು ಬರೆದುಕೊಟ್ಟ ದಿನವೇ ಕೇಳಿ.

4. ಮನೆಯನ್ನು ಬದಲಿಸಿ

ಬಚ್ಚಲುಮನೆ ಮೊದಲು. ಒಳಗಿನ ಚಿಲಕ ತೆಗೆಸಿ. ಒಳಗೆ ಹಾಕಿಕೊಂಡು ತೆಗೆಯಲು ಬಾರದೆ ಕೂಗಾಡುವುದು ಬಹಳ ಸಾಮಾನ್ಯ. ಜಾರದ ಮ್ಯಾಟ್, ಕಮೋಡಿನ ಪಕ್ಕ ಹಿಡಿಕೆ, ಸ್ನಾನಕ್ಕೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ, ಮಂಚದಿಂದ ಬಚ್ಚಲಿನವರೆಗೆ ರಾತ್ರಿದೀಪ ಇರಲಿ. ಗೀಸರಿನ ಬಿಸಿ ಇಳಿಸಿಡಿ.

ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಹಳ್ಳಿಯಲ್ಲಾದರೆ ಬಾವಿಗೆ ಜಾಲರಿ. ಸಿಲಿಂಡರಿನ ರೆಗ್ಯುಲೇಟರನ್ನು ಪ್ರತಿ ಸಲ ಆಫ್ ಮಾಡಿ. ದೇವರಮನೆಯಲ್ಲಿ ಒಬ್ಬರೇ ಇರುವಾಗ ಎಣ್ಣೆದೀಪ, ಕರ್ಪೂರ ಬೇಡ. ಪೂಜೆ ಬಿಡಿಸಬೇಡಿ, ಬ್ಯಾಟರಿ ದೀಪ ಇಡಿ. ಹಳೆಯ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಫಿನಾಯಿಲ್, ಆ್ಯಸಿಡ್ ಇಡುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ.

ಮನೆ ಬಿಟ್ಟು ಹೋಗುವುದಕ್ಕೆ ಮೊದಲೇ ಸಿದ್ಧರಾಗಿ. ಹೆಸರು ಮತ್ತು ಎರಡು ಫೋನ್ ಸಂಖ್ಯೆಯ ಬಟ್ಟೆಚೂರನ್ನು ಅಂಗಿ ಅಥವಾ ರವಿಕೆಯ ಒಳಬದಿಗೆ ಹೊಲಿಯಿರಿ. ಕೊರಳಿಗೆ ಹಾಕಿದ ಕಾರ್ಡನ್ನು ಅವರೇ ಕಿತ್ತು ಇಟ್ಟುಬಿಡುತ್ತಾರೆ. ಬೆಳಿಗ್ಗೆ ಬಟ್ಟೆ ಹಾಕಿದ ಮೇಲೆ ದಿನಕ್ಕೊಂದು ಫೋಟೊ ತೆಗೆಯಿರಿ. ಕಾಣೆಯಾದಾಗ ಪೊಲೀಸರ ಮೊದಲ ಪ್ರಶ್ನೆಯೇ ಉಟ್ಟ ಬಟ್ಟೆಯ ಬಣ್ಣ. ಗಾಬರಿಯಲ್ಲಿ ಅದೇ ನೆನಪಿಗೆ ಬರುವುದಿಲ್ಲ. ಆಟೊ ಸ್ಟ್ಯಾಂಡ್, ದಿನಸಿ ಅಂಗಡಿ, ಹಾಲಿನವರಿಗೆ ವಿಷಯ ಹೇಳಿಡಿ. ಕಾಯಿಲೆಯನ್ನು ಮುಚ್ಚಿಟ್ಟ ಮನೆಗೆ ಬೀದಿಯ ಜನ ಸಹಾಯ ಮಾಡಲಾರರು. ಕಾಣೆಯಾದರೆ ಸುತ್ತಮುತ್ತ ಒಂದು ಸುತ್ತು ಹುಡುಕಿ, ಸಿಗದಿದ್ದರೆ ತಕ್ಷಣ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಹಳೆಯ ಮನೆ, ಹಳೆಯ ಆಫೀಸು, ದಿನಾ ಹೋಗುತ್ತಿದ್ದ ದೇವಸ್ಥಾನ, ಬಸ್ ಸ್ಟ್ಯಾಂಡ್ ಮೊದಲು ನೋಡಿ.

5. ದಿನದ ಆರೈಕೆ

ನಿಮ್ಮ ಶಕ್ತಿಯೆಲ್ಲ ಹೋಗುವುದು ಇಲ್ಲಿ.

*ಮಾತು.* ಒಂದು ಸಲಕ್ಕೆ ಒಂದೇ ವಿಷಯ. "ಸ್ನಾನ ಮಾಡಿ ತಿಂಡಿ ತಿಂದು ರೆಡಿಯಾಗಿ" ಅಂದರೆ ಮೂರು ಕೆಲಸ, ಮೂರೂ ಆಗುವುದಿಲ್ಲ. "ಅಪ್ಪಾ, ಟವಲ್ ತಗೊಳ್ಳಿ" ಎಂದು ಕೈಗೆ ಕೊಟ್ಟು ಹೇಳಿ. ನಮ್ಮಲ್ಲಿ ನೋಡಲು ಬಂದ ನೆಂಟರು ಕೇಳುವುದೇ "ನಾನ್ಯಾರು ಹೇಳಿ ನೋಡೋಣ? ಗುರುತು ಸಿಕ್ತಾ?" ಎಂದು. ಎಲ್ಲರ ಮುಂದೆ ಸೋಲುವ ಪರೀಕ್ಷೆ ಅದು. ನೆಂಟರಿಗೆ ಬಾಗಿಲಲ್ಲೇ ಹೇಳಿಕೊಡಿ: "ಅತ್ತೆ, ನಾನು ಹಾಸನದ ಸುಮ, ನಿಮ್ಮ ತಮ್ಮನ ಮಗಳು, ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ತಾವೇ ಪರಿಚಯ ಹೇಳಿಕೊಳ್ಳಲಿ.

*"ಮನೆಗೆ ಹೋಗಬೇಕು."* ಸ್ವಂತ ಮನೆಯಲ್ಲೇ ಕೂತು ಹೀಗನ್ನುತ್ತಾರೆ, ಹೆಚ್ಚಾಗಿ ಸಂಜೆ ನಾಲ್ಕರ ಮೇಲೆ. "ಇದೇ ಮನೆ" ಎಂದು ವಾದಿಸಿದರೆ ಹಟ ಏರುತ್ತದೆ. "ಹೋಗೋಣ ಅಮ್ಮ, ಕಾಫಿ ಕುಡ್ಕೊಂಡು ಹೋಗೋಣ" ಎಂದು ಹತ್ತು ನಿಮಿಷ ಗೆಲ್ಲಿ. ಬೇಕಾದರೆ ಬೀದಿಯ ಕೊನೆಯವರೆಗೆ ನಡೆದು ವಾಪಸ್ ಬನ್ನಿ. ಕತ್ತಲಾಗುವ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕಿ. ಟಿವಿಯ ವಾರ್ತೆಯ ಗದ್ದಲ ಆ ಹೊತ್ತಿಗೆ ಬೇಡ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ.

*ಕಳ್ಳತನದ ಆರೋಪ.* "ಸೊಸೆ ನನ್ನ ಬಳೆ ಕದ್ದಳು." ಇದು ಸ್ವಭಾವ ಅಲ್ಲ. ವಸ್ತು ಇಟ್ಟ ಜಾಗ ಮರೆತ ಮಿದುಳು ಖಾಲಿ ಜಾಗಕ್ಕೆ ಕಾರಣ ಕಟ್ಟುತ್ತದೆ. ಆ ಕಾರಣ ಹೆಚ್ಚಾಗಿ ಹತ್ತಿರವಿದ್ದು ಸೇವೆ ಮಾಡುವವರ ತಲೆಗೇ ಬರುತ್ತದೆ. ಒಡವೆಗಳ ಫೋಟೊ ತೆಗೆದು, ಪಟ್ಟಿಗೆ ಎಲ್ಲ ಮಕ್ಕಳ ಸಹಿ ಹಾಕಿಸಿ ಲಾಕರಿನಲ್ಲಿಡಿ. ಕೈಗೆ ಉಮಾ ಗೋಲ್ಡ್ ಬಳೆ ಸಾಕು. ಆರೋಪ ಬಂದಾಗ "ನಾನು ತೆಗೆದಿಲ್ಲ" ಎನ್ನುವ ಬದಲು "ಬನ್ನಿ ಅತ್ತೆ, ಹುಡುಕೋಣ" ಎನ್ನಿ. ಅಡಗಿಸಿಡುವ ಜಾಗಗಳು ಸಾಮಾನ್ಯವಾಗಿ ನಾಲ್ಕೈದೇ ಇರುತ್ತವೆ: ದಿಂಬಿನ ಕವರ್, ಅಕ್ಕಿ ಡಬ್ಬ, ಮಡಿಸಿಟ್ಟ ಸೀರೆ. ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೂರದ ಊರಿನ ಮಗ-ಮಗಳಿಗೆ ಈ ಲಕ್ಷಣ ಮೊದಲೇ ತಿಳಿಸಿ. ಫೋನಿನಲ್ಲಿ ಕೇಳಿದ್ದನ್ನು ನಂಬಿ ಮನೆ ಒಡೆದಿರುವುದು ಕಡಿಮೆಯೇನಲ್ಲ.

*ಸ್ನಾನ.* ಬೇಡ ಎನ್ನುವುದಕ್ಕೆ ಕಾರಣ ಇರುತ್ತದೆ: ಚಳಿ, ನಾಚಿಕೆ, ತಲೆ ಮೇಲೆ ಥಟ್ಟನೆ ಬೀಳುವ ಶವರ್ ನೀರಿನ ಹೆದರಿಕೆ. ಬಕೆಟ್, ಚೊಂಬು ಸಾಕು. ನೀರು ತೋಡಿಟ್ಟು, ಬಟ್ಟೆ-ಟವಲ್ ಸಿದ್ಧ ಮಾಡಿಕೊಂಡು ಆಮೇಲೆ ಕರೆಯಿರಿ. ಹೆಗಲಿಗೆ ಟವಲ್ ಹೊದಿಸಿ, ಪಾದದಿಂದ ಶುರು ಮಾಡಿ ಮೇಲೆ ಬನ್ನಿ, ತಲೆಗೆ ಕೊನೆಗೆ. ಚೊಂಬನ್ನು ಅವರ ಕೈಗೇ ಕೊಡಿ. ತೀರಾ ಒಪ್ಪದ ದಿನ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಾರಕ್ಕೆ ಎರಡು ಸ್ನಾನವಾದರೂ ನಡೆಯುತ್ತದೆ.

*ಊಟ.* ತಟ್ಟೆಯಲ್ಲಿ ಒಂದು ಸಲಕ್ಕೆ ಒಂದೋ ಎರಡೋ ಪದಾರ್ಥ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಅನ್ನ ಕಣ್ಣಿಗೆ ಕಾಣದು. ಗಾಢ ಬಣ್ಣದ ತಟ್ಟೆ ಬಳಸಿ. ನೇರವಾಗಿ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿಯುವಾಗ ಕೆಮ್ಮು, ಉಂಡ ಮೇಲೆ ಧ್ವನಿ ಗೊರಗೊರ ಅನ್ನುವುದು ಆಹಾರ ಶ್ವಾಸನಾಳಕ್ಕೆ ಹೋಗುತ್ತಿರುವ ಸೂಚನೆ. ಹಾಗಾದಾಗ ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್‌ರನ್ನು ಕಾಣಿ. ಅಗಿಯದೆ ನುಂಗುವ ಮುದ್ದೆ ಆಗ ಅಪಾಯ. ರಾಗಿ ಗಂಜಿಯನ್ನು ಚಮಚದಿಂದ ಬೀಳದಷ್ಟು ಗಟ್ಟಿ ಮಾಡಿ ಕೊಡಿ. ಅವಲಕ್ಕಿ ಮಿಕ್ಸ್ಚರ್, ಚುರುಮುರಿ ಬಿಡಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆಯಿರಿ.

ಇದನ್ನು ಮಾತ್ರ ಮರೆಯಬೇಡಿ: ಡಿಮೆನ್ಷಿಯಾ ತಿಂಗಳುಗಟ್ಟಲೆ ನಿಧಾನಕ್ಕೆ ಹೆಚ್ಚುತ್ತದೆ. ನಿನ್ನೆ ಮೊನ್ನೆ ಚೆನ್ನಾಗಿದ್ದವರು ಇಂದು ಥಟ್ಟನೆ ಮಂಕಾದರೆ, ಗಲಾಟೆ ಮಾಡಿದರೆ ಅದು ಹೆಚ್ಚಾಗಿ ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ಮಿದುಳಿಗೆ ಬಂದ ಗೊಂದಲ. ಮೂತ್ರದ ಸೋಂಕು, ನ್ಯುಮೋನಿಯಾ, ಮೂರು ದಿನದ ಮಲಬದ್ಧತೆ, ನೀರು ಸಾಲದ್ದು, ಹೊಸ ಮಾತ್ರೆ, ಹೇಳಿಕೊಳ್ಳಲಾಗದ ನೋವು ಇದಕ್ಕೆ ಕಾರಣ. ಜ್ವರ ಇಲ್ಲದೆಯೂ ಸೋಂಕು ಇರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. "ಕಾಯಿಲೆ ಹೆಚ್ಚಾಯ್ತು" ಎಂದು ಸುಮ್ಮನಾಗಬೇಡಿ. ಮುಖ ಸೊಟ್ಟಗಾಗಿ ಕೈಕಾಲು ಬಿದ್ದರೆ ಅದು ಪಾರ್ಶ್ವವಾಯು. ಒಂದು ನಿಮಿಷವೂ ತಡಮಾಡಬೇಡಿ.

6. ನೋಡಿಕೊಳ್ಳುವವರ ಪಾಳಿ

ವಾರದಲ್ಲಿ ಒಂದು ಪೂರ್ತಿ ಅರ್ಧದಿನ ಬೇರೆಯವರು ನೋಡಿಕೊಳ್ಳಬೇಕು; "ಆಗಾಗ ಬರ್ತೀವಿ" ಅಲ್ಲ, ವಾರ ಮತ್ತು ಗಂಟೆ ಬರೆದ ಪಾಳಿ. ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಸಲಹೆ ಕೊಡುವುದಕ್ಕಿಂತ ಸಹಾಯಕರ ಸಂಬಳ ಕೊಟ್ಟು, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ವಿಮೆ, ಬಿಲ್ಲುಗಳನ್ನು ಅಲ್ಲಿಂದಲೇ ನೋಡಿಕೊಳ್ಳಬಹುದು. ಸಹಾಯಕರನ್ನು ಇಟ್ಟುಕೊಳ್ಳುವಾಗ ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆ, ಮಾಡಬೇಕಾದ ಕೆಲಸದ ಬರಹದ ಪಟ್ಟಿ, ವಾರದ ರಜೆ ಮೊದಲೇ ತೀರ್ಮಾನವಾಗಲಿ.

ಕೈ ಎತ್ತುವಷ್ಟು ಸಿಟ್ಟು ಬರುತ್ತಿದೆ, ನಿಮ್ಮದೇ ಬಿಪಿ ಮಾತ್ರೆ ತಪ್ಪುತ್ತಿದೆ, ಅವರು ಮಲಗಿದಾಗಲೂ ನಿಮಗೆ ನಿದ್ದೆ ಬರುವುದಿಲ್ಲ ಎಂದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567. ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಎಂಬ ತರಬೇತಿ ಆರೈಕೆದಾರರಿಗೆಂದೇ ಮಾಡಿದ್ದು. ನಿಮ್ಮ ಕಿವಿ ಮಂದವಾಗುತ್ತಿದ್ದರೆ, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಏರುತ್ತಿದ್ದರೆ ಅವನ್ನೂ ನೋಡಿಸಿಕೊಳ್ಳಿ: ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಹೆಸರಿಸಿದ 14 ಅಪಾಯಗಳಲ್ಲಿ ಇವೂ ಸೇರಿವೆ, ಮತ್ತು ಎಲ್ಲವನ್ನೂ ತಡೆಯಲು ಸಾಧ್ಯವಾದರೆ ಡಿಮೆನ್ಷಿಯಾದ ಸುಮಾರು 45% ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು.

7. ಸಂಶೋಧನೆಯಲ್ಲಿ ಸೇರಬೇಕೆಂದರೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಅನುಸರಿಸುವ ಅಧ್ಯಯನ ನಡೆಸುತ್ತಿದೆ. ಇದಕ್ಕೆ ಬೇಕಾದವರು ಇನ್ನೂ ಡಿಮೆನ್ಷಿಯಾ ಬಾರದವರು. ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂದು ತಿಳಿಯಲು ಆರೋಗ್ಯವಂತರನ್ನೇ ನೋಡುತ್ತ ಹೋಗಬೇಕು. ಇಂಥ ಅಧ್ಯಯನದಿಂದ ನಿಮ್ಮ ತಂದೆಗೆ ಚಿಕಿತ್ಸೆ ಸಿಗುವುದಿಲ್ಲ. ಮಗ, ಮಗಳು, ಸೊಸೆಯಾಗಿ ನೀವು ಬೇಕಾದರೆ ಇಂಥದ್ದಕ್ಕೆ ಸೇರಬಹುದೇ ವಿಚಾರಿಸಬಹುದು.

ಔಷಧ ಪ್ರಯೋಗಕ್ಕೆ ಕರೆದರೆ ನಾಲ್ಕು ಪ್ರಶ್ನೆ ಕೇಳಿ. ಸಿಟಿಆರ್‌ಐ (ಔಷಧ ಪ್ರಯೋಗಗಳ ರಾಷ್ಟ್ರೀಯ ದಾಖಲೆ) ನೋಂದಣಿ ಸಂಖ್ಯೆ ಏನು? ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಎಲ್ಲಿದೆ? ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರದು? ಮಧ್ಯದಲ್ಲಿ ಬಿಟ್ಟರೆ ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆಯೇ? ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಎನ್ನಿ, ಮನೆಗೆ ತಂದು ಓದಿ. ಪ್ರಯೋಗದ ಔಷಧಕ್ಕೆ ನಿಮ್ಮಿಂದ ಹಣ ಕೇಳಿದರೆ ಎದ್ದು ಬನ್ನಿ. "ಸ್ಟೆಮ್ ಸೆಲ್ ಹಾಕಿದರೆ ನೆನಪು ವಾಪಸ್" ಎಂದು ಲಕ್ಷಗಟ್ಟಲೆ ಕೇಳುವವರೂ ಇದೇ ಪಟ್ಟಿಗೆ ಸೇರಿದವರು. ಡಿಮೆನ್ಷಿಯಾಕ್ಕೆ ಅಂಥ ಚಿಕಿತ್ಸೆಯೇ ಇಲ್ಲ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಔಷಧಗಳು ಅಲ್ಝೈಮರ್‌ನ ಆರಂಭದ ಹಂತಕ್ಕೆ ಮಾತ್ರ. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗಬಹುದಾದ್ದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಹಾಸಿಗೆ ಹಿಡಿದವರಿಗೆ ಅವು ಪ್ರಯೋಜನವಿಲ್ಲ.

ಮಿದುಳು ದಾನದ ಬಗ್ಗೆ ಕೇಳುವವರೂ ಇದ್ದಾರೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬ್ರೈನ್ ಬ್ಯಾಂಕ್ ಇದೆ. ಸತ್ತ ಮೇಲೆ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸವಾದ್ದರಿಂದ ಬದುಕಿರುವಾಗಲೇ ಮನೆಯವರೆಲ್ಲ ಮಾತಾಡಿ ಒಪ್ಪಿರಬೇಕು. ಮರಣ ದೃಢೀಕರಿಸುವ ವೈದ್ಯರು ಯಾರು, ಬ್ರೈನ್ ಬ್ಯಾಂಕಿಗೆ ಫೋನ್ ಮಾಡುವವರು ಯಾರು ಎಂಬುದು ಫೈಲಿನ ಮೊದಲ ಪುಟದಲ್ಲಿರಲಿ. ಮುಖ ವಿಕಾರವಾಗುವುದಿಲ್ಲ, ದೇಹವನ್ನು ಸಂಸ್ಕಾರಕ್ಕೆ ಮನೆಯವರಿಗೇ ಒಪ್ಪಿಸುತ್ತಾರೆ.